ಕಾಲಿಗೊಂದು ಕ್ಲೋಸಪ್ ಇಡಿ!

ಅಭಿಮಾನಿ ಮಿತ್ರರೇ, ‘ಮಯೂರಿ’ಯ ಸುಧಾ ಚಂದ್ರನ್ ನೆನಪಿದ್ದಾರಲ್ಲ? 1981ರಲ್ಲಿ ತಮಿಳುನಾಡಿನಲ್ಲಿ ಬಸ್ ಅಪಘಾತ. ಕಾಲಿನ ಗಾಯಕ್ಕೆ ಗ್ಯಾಂಗ್ರಿನ್ ಹತ್ತಿ ಆ ಹುಡುಗಿಯ ಬಲಗಾಲನ್ನೇ ತೆಗೆಯಬೇಕಾಯ್ತು. ಆಕೆ ಜೈಪುರ ಕಾಲು ಹಾಕಿಕೊಂಡು ಮತ್ತೆ ಗೆಜ್ಜೆ ಕಟ್ಟಿದರು. ತಮ್ಮದೇ ಕಥೆಯ ತೆಲುಗು ಚಿತ್ರಕ್ಕೆ ತಾವೇ ನಾಯಕಿಯಾದರು. 1986ರಲ್ಲಿ ಹಿಂದಿಯ ‘ನಾಚೆ ಮಯೂರಿ’ಯಲ್ಲೂ ಕುಣಿದು ಎಲ್ಲರ ಕಣ್ಣು ಒದ್ದೆ ಮಾಡಿದರು.

ಆದರೆ ಕಾಲು ಕಳೆದುಕೊಳ್ಳೋಕೆ ಬಸ್ಸೇ ಉರುಳಬೇಕಿಲ್ಲ ಸ್ವಾಮಿ! ಸಕ್ಕರೆ ಕಾಯಿಲೆ ಇರುವ ನಿಮ್ಮ ಅಪ್ಪನಿಗೆ ಹೊಸ ಚಪ್ಪಲಿ ಕಚ್ಚಿದರೂ ಸಾಕು. ಹೇಗೆ ಅಂತೀರಾ?

ಈ ಕಥೆಯಲ್ಲಿ ವಿಲನ್‌ಗಳು ಮೂವರು. ಮೊದಲನೆಯವನು, ಕಾಲಿನ ರಕ್ತನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು. ರಕ್ತ ಹೋಗದಿದ್ದರೆ ಗಾಯ ಮಾಯೋದಿಲ್ಲ. ಎರಡನೆಯವನು, ಸಕ್ಕರೆಯಿಂದ ನರ ಕೆಟ್ಟು ಪಾದ ಮರಗಟ್ಟುವುದು. ಮುಳ್ಳು ಚುಚ್ಚಿದರೂ, ಬೈಕಿನ ಸೈಲೆನ್ಸರ್ ಸುಟ್ಟರೂ ಗೊತ್ತೇ ಆಗೋದಿಲ್ಲ. ಮೂರನೆಯವನು, ಆ ಗಾಯಕ್ಕೆ ತಗಲುವ ಸೋಂಕು. ಮೂವರೂ ಕೈ ಸೇರಿಸಿದರೆ ಬೆರಳು ಕಪ್ಪಾಗುತ್ತೆ. ಸಕ್ಕರೆ ಕಾಯಿಲೆಯವರು ಕಾಲು ಕಳೆದುಕೊಂಡ ನೂರು ಪ್ರಕರಣ ತೆಗೆದುಕೊಂಡರೆ ಸುಮಾರು 85ರಲ್ಲಿ ಮೊದಲು ಬಂದದ್ದು ಪಾದದ ಒಂದು ಹುಣ್ಣು!

ರಕ್ತನಾಳ ಕಟ್ಟಿದವರಿಗೆ ಸಾಮಾನ್ಯವಾಗಿ ಒಂದು ಸೂಚನೆ ಸಿಗುತ್ತೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತು ಇಂಟರ್‌ವಲ್ ಕೊಟ್ಟರೆ ಬಿಡುತ್ತೆ. ಆದರೆ ನರ ಕೆಟ್ಟವರಿಗೆ ಈ ನೋವೂ ಬಾರದೆ ಇರಬಹುದು. ವಿಲನ್ ಸದ್ದಿಲ್ಲದೆ ಎಂಟ್ರಿ ಕೊಡ್ತಾನೆ. ‘ಅಪ್ಪ ನೋವು ಅಂತ ಹೇಳಲೇ ಇಲ್ಲ’ ಅಂದುಕೊಂಡು ನೀವು ಸುಮ್ಮನಿರಬೇಡಿ.

ಯಾರಿಗೆ ಅಪಾಯ ಹೆಚ್ಚು? ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಿಗೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ‘ಎಚ್‌ಬಿಎ1ಸಿ’ ಪರೀಕ್ಷೆಯಲ್ಲಿ ಅಂಕಿ ಮೇಲೇ ಇರುವವರಿಗೆ. ಅದು ಶೇಕಡಾ 1 ಏರಿದರೆ ಕಾಲಿನ ರಕ್ತನಾಳದ ಕಾಯಿಲೆಯ ಅಪಾಯ ಸುಮಾರು ಕಾಲು ಭಾಗ ಏರುತ್ತೆ. ಬಿ.ಪಿ., ಕೊಲೆಸ್ಟರಾಲ್ ಇದ್ದವರಿಗೆ, ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸುವವರಿಗೆ ಇನ್ನೂ ಜಾಸ್ತಿ. ಹಿಂದೆ ಪಾದದಲ್ಲಿ ಹುಣ್ಣಾಗಿದ್ದವರು, ಬೆರಳು ತೆಗೆಸಿಕೊಂಡವರು ಎಲ್ಲರಿಗಿಂತ ಹೆಚ್ಚು ಎಚ್ಚರವಾಗಿರಬೇಕು.

ಇನ್ನು ನಿಮ್ಮ ವಿಷಯ. ಸಿಗರೇಟನ್ನು ಗಾಳಿಗೆ ಎಸೆದು ತುಟಿಯಲ್ಲಿ ಹಿಡಿಯೋ ಸ್ಟೈಲು ತೆರೆಯ ಮೇಲೆ ಚೆಂದ. ಆದರೆ ಸಿಗರೇಟಾಗಲಿ ಬೀಡಿಯಾಗಲಿ, ಹೊಗೆ ಕಾಲಿನ ರಕ್ತನಾಳವನ್ನೇ ಹುಡುಕಿಕೊಂಡು ಹೋಗಿ ಹೊಡೆಯುತ್ತೆ. ಸಕ್ಕರೆಯೂ ಹೊಗೆಯೂ ಸೇರಿದರೆ ಡಬಲ್ ಆಕ್ಟಿಂಗ್! ಅಪ್ಪನಿಗೆ ಸಕ್ಕರೆ ಇದ್ದರೆ ಮಗನಿಗೂ ಬರುವ ಸಂಭವ ಹೆಚ್ಚು ಅನ್ನೋದು ನೆನಪಿರಲಿ.

ಹಾಗಾದರೆ ಮಾಡೋದೇನು? ವರ್ಷಕ್ಕೊಮ್ಮೆಯಾದರೂ ಡಾಕ್ಟರಿಗೆ ಪಾದ ತೋರಿಸಿ. ಕಾಲಿನ ಗಿಣ್ಣಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಗೆ ಹೋಲಿಸಿ ನೋಡ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. 1.4ಕ್ಕಿಂತ ಹೆಚ್ಚು ಬಂದರೂ ಖುಷಿ ಪಡಬೇಡಿ. ರಕ್ತನಾಳ ಕಲ್ಲಿನಂತೆ ಗಟ್ಟಿಯಾಗಿರಬಹುದು, ಆಗ ಹೆಬ್ಬೆರಳಿನ ಒತ್ತಡ ನೋಡಬೇಕಾಗುತ್ತೆ. ಬೇಗ ಹೋದರೆ ಬಲೂನ್ ಹಾಕಿ ಬಿಡಿಸುವುದಕ್ಕೋ ಬೈಪಾಸ್ ಮಾಡುವುದಕ್ಕೋ ದಾರಿ ಇರುತ್ತೆ.

ಮನೆಯಲ್ಲಿ ಬರಿಗಾಲಲ್ಲಿ ಓಡಾಡೋದು ಬೇಡ. ಬಿಸಿನೀರಲ್ಲಿ ಕಾಲು ಅದ್ದೋದು, ಬ್ಲೇಡಿನಿಂದ ಆಣಿ ಕೆತ್ತೋದು ಬೇಡವೇ ಬೇಡ. ಹುಣ್ಣು, ಕಪ್ಪು ಬೆರಳು, ಕೀವು ಕಂಡರೆ ಅರಿಶಿನ ಮೆತ್ತಿ ದಿನ ಎಣಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿಕೊಂಡು ನೋವು ಬಂದರಂತೂ ಲೆಕ್ಕ ದಿನದ್ದಲ್ಲ, ಗಂಟೆಯದ್ದು!

ಡ್ರೈವರ್ ಅಪ್ಪನಿಗೆ, ಗದ್ದೆಗಿಳಿಯೋ ಅಪ್ಪನಿಗೆ ಕಾಲೇ ಅನ್ನ. ಆತ ತನ್ನ ಅಂಗಾಲನ್ನು ತಾನೇ ಬಗ್ಗಿ ನೋಡಿಕೊಳ್ಳಲಾರ, ನೋಡಿದರೂ ಹೇಳಲಾರ. ಯುಗಾದಿಗೆ ಕಾಲಿಗೆ ಬೀಳ್ತೀರಲ್ಲ? ಈ ಸಲ ಬಿದ್ದಾಗ ಪಾದ ಎತ್ತಿ ಬೆರಳ ಸಂದು, ಹಿಮ್ಮಡಿ ನೋಡಿ. ಆಮೇಲೆ ದಿನಾ ರಾತ್ರಿ ಊಟವಾದ ಮೇಲೆ ಎರಡು ನಿಮಿಷ ನೋಡಿ. ಆಶೀರ್ವಾದ ತಾನಾಗಿ ಬರುತ್ತೆ. ಏನಂತೀರಿ?

ಮುಂದಿನ ವಾರ ಸಿಗೋಣ!