ಸಪ್ಪೆ ಸ್ಪೀಕರ್‌ನ ರುಚಿ

‘ಏನಮ್ಮ ಇದು, ಇಷ್ಟು ದುಡ್ಡು ಸುರಿದು ಉಪ್ಪಿಲ್ಲದ ಸಾರು ತಂದಿದ್ದೀಯಲ್ಲ?’

ಎರಡು ಕಪ್ಪು ಪೆಟ್ಟಿಗೆಗಳನ್ನು ಓದುವ ಮೇಜಿನ ಮೇಲಿಟ್ಟು ಮೊದಲ ಹಾಡು ಹಾಕಿದ ದಿನ ಅಪ್ಪ ಹೇಳಿದ ಮಾತಿದು. ಬಾಗಿಲಲ್ಲೇ ನಿಂತು ಅರ್ಧ ಹಾಡು ಕೇಳಿ ಹೊರಟುಹೋದರು. ನನಗೆ ಅಳು ಬರುವುದೊಂದು ಬಾಕಿ. ಪಿಯುಸಿ ಹುಡುಗರಿಗೆ ಗಣಿತ ಹೇಳಿಕೊಟ್ಟು ಒಂದು ವರ್ಷ ಕೂಡಿಟ್ಟ 14 ಸಾವಿರ ರೂಪಾಯಿ ಅದು. ನಿಜ ಹೇಳಬೇಕೆಂದರೆ, ನನ್ನ ಕಿವಿಗೂ ಅದು ಸಪ್ಪೆಯಾಗಿಯೇ ಕೇಳಿಸಿತ್ತು.

ನಾನು ತಂದದ್ದು ಸ್ಟುಡಿಯೊ ಮಾನಿಟರ್. ಹಾಡು ರೆಕಾರ್ಡ್ ಮಾಡುವವರು, ಮಿಕ್ಸ್ ಮಾಡುವವರು ಎದುರಿಗಿಟ್ಟುಕೊಂಡು ಕೆಲಸ ಮಾಡುವ ಸ್ಪೀಕರ್. ಮನೆಯಲ್ಲೇ ಸಣ್ಣ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದವರೊಬ್ಬರು ಅದನ್ನು ಮುಚ್ಚಿದಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಅದಕ್ಕೂ ಮೊದಲು ಹೊಸದರ ಬೆಲೆ ವಿಚಾರಿಸಲು ಹೋದ ಅಂಗಡಿಯಲ್ಲಿ ಒಬ್ಬರು ಎಚ್ಚರಿಸಿದ್ದರು: ‘ಮೇಡಂ, ಅದು ಕೆಲಸ ಮಾಡೋರಿಗೆ. ಹಾಡು ಕೇಳೋಕಲ್ಲ. ಅರ್ಧ ಗಂಟೆಗೇ ಕಿವಿ ನೋಯುತ್ತೆ.’ ಹಾಗೆಂದವರೇ ಬಣ್ಣದ ದೀಪ ಮಿನುಗುವ ಪಾರ್ಟಿ ಸ್ಪೀಕರ್ ಕಡೆ ಕೈ ತೋರಿಸಿದರು.

ಈ ಮಾತನ್ನು ನಂಬಿದವರು ನನ್ನ ಗೆಳೆಯರಲ್ಲೂ ಬಹಳ ಮಂದಿ ಇದ್ದಾರೆ. ಒಂದು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ ಬೇರೆಯೇ ಆಗಿದೆ. ಕೂತು ಹಾಡು ಕೇಳುವ ಅಭ್ಯಾಸವಿದ್ದರೆ, ಕೋಣೆ ಚಿಕ್ಕದಿದ್ದರೆ, ಜೇಬೂ ಚಿಕ್ಕದಿದ್ದರೆ ಮಾನಿಟರ್ ಒಳ್ಳೆಯ ಆಯ್ಕೆ. ಆದರೆ ಅದನ್ನು ಬೈಯುವ ಮೊದಲು ಅದನ್ನಿಟ್ಟ ಕೋಣೆಯನ್ನು ನೋಡಬೇಕು.

ಮೊದಲು ಈ ‘ಸಪ್ಪೆ’ ಎಲ್ಲಿಂದ ಬಂತು ನೋಡೋಣ. ಮನೆಬಳಕೆಯ ಎಷ್ಟೋ ಸ್ಪೀಕರ್‌ಗಳಲ್ಲಿ ಬಾಸ್ ಮತ್ತು ಟ್ರೆಬಲ್ ಎರಡನ್ನೂ ಸ್ವಲ್ಪ ಎತ್ತಿಟ್ಟಿರುತ್ತಾರೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದವರಿಗೆ ಅದು ‘ವಾಹ್’ ಅನ್ನಿಸುತ್ತದೆ, ಹೋಟೆಲ್ ಊಟದ ಮೊದಲ ತುತ್ತಿನ ಹಾಗೆ. ಮಾನಿಟರ್‌ನ ಗುರಿ ಇದಕ್ಕೆ ಉಲ್ಟಾ. ರೆಕಾರ್ಡಿಂಗ್‌ನಲ್ಲಿ ಏನಿದೆಯೋ ಅದನ್ನು ಕೂಡಿಸದೆ ಕಳೆಯದೆ ಕೊಡಬೇಕು. ವಿವರಗಳ ಪಟ್ಟಿಯಲ್ಲಿ ‘ಪ್ಲಸ್ ಆರ್ ಮೈನಸ್ 3 ಡೆಸಿಬೆಲ್’ ಎಂದು ಬರೆದಿದ್ದರೆ, ಅಲ್ಲಿ ಹೇಳಿದ ಫ್ರೀಕ್ವೆನ್ಸಿಗಳ ಒಳಗೆ ಯಾವ ಸ್ವರವೂ ಅದಕ್ಕಿಂತ ಹೆಚ್ಚು ಏರಿಳಿಯುವುದಿಲ್ಲ ಎಂದರ್ಥ. ಜೊತೆಗೆ, ಈಗಿನ ಬಹುತೇಕ ಮಾನಿಟರ್‌ಗಳು ‘ಆ್ಯಕ್ಟಿವ್’. ಆ್ಯಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುತ್ತದೆ. ನನ್ನದರಲ್ಲಿ 5 ಇಂಚಿನ ವೂಫರ್‌ಗೆ ಒಂದು, 1 ಇಂಚಿನ ಟ್ವೀಟರ್‌ಗೆ ಇನ್ನೊಂದು. ಬೇರೆ ಆ್ಯಂಪ್ಲಿಫೈಯರ್ ಕೊಳ್ಳುವ ಖರ್ಚಿಲ್ಲ. ವಿದ್ಯಾರ್ಥಿಗೆ ಇದು ಸಣ್ಣ ಉಳಿತಾಯವಲ್ಲ.

ಹಾಗಾದರೆ ‘ಕಿವಿ ನೋಯುತ್ತೆ’ ಎಂಬ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಯಮಾಹಾ ಕಂಪನಿ 1978ರಲ್ಲಿ ಎನ್ಎಸ್-10 ಎಂಬ ಸ್ಪೀಕರ್ ತಂದಿತು. ತಂದದ್ದು ಮನೆಗಳಿಗಾಗಿ. ಅಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಸ್ವಾಗತ ಸಿಗಲಿಲ್ಲ. ಆದರೆ ಮುಂದೆ ಜಗತ್ತಿನ ಸ್ಟುಡಿಯೊಗಳಲ್ಲೆಲ್ಲ ಅದರ ಬಿಳಿ ಕೋನ್ ಕಾಣಿಸತೊಡಗಿತು. ಗಾಯಕರ ದನಿ ಇರುವ ನಡುವಿನ ಸ್ವರಗಳನ್ನು ಅದು ಎತ್ತಿ ತೋರಿಸುತ್ತಿತ್ತು. ಹಾಗಾಗಿ ಮಿಕ್ಸ್‌ನ ತಪ್ಪುಗಳು ಬೇಗ ಸಿಕ್ಕಿಬೀಳುತ್ತಿದ್ದವು. ಟ್ರೆಬಲ್ ಚುಚ್ಚುತ್ತದೆಂದು ಎಂಜಿನಿಯರ್‌ಗಳು ಟ್ವೀಟರ್ ಮೇಲೆ ಟಿಶ್ಯೂ ಪೇಪರ್ ಅಂಟಿಸಿಕೊಳ್ಳುತ್ತಿದ್ದರು! ತಪ್ಪು ಹುಡುಕಲು ಅದು ಒಳ್ಳೆಯ ಭೂತಗನ್ನಡಿ. ಸಂಜೆ ಕಾಫಿ ಹೀರುತ್ತಾ ಹಾಡು ಕೇಳಲು ಭೂತಗನ್ನಡಿ ಯಾಕೆ ಬೇಕು?

ಇದರ ಎದುರಿಗೆ ಬಿಬಿಸಿಯ ಕಥೆ ಇಡುತ್ತೇನೆ. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನ್‌ಗಳ ಇಕ್ಕಟ್ಟಿನಲ್ಲಿ ಕೂತು ಕೇಳಲು ಬಿಬಿಸಿ ಎಂಜಿನಿಯರ್‌ಗಳು ಎಲ್ಎಸ್3/5ಎ ಎಂಬ ಪುಟ್ಟ ಮಾನಿಟರ್ ರೂಪಿಸಿದರು. ಮನುಷ್ಯರ ದನಿ ಅದರಲ್ಲಿ ಎಷ್ಟು ಸಹಜವಾಗಿ ಕೇಳಿಸಿತೆಂದರೆ, ಸಂಗೀತಪ್ರಿಯರು ಅದನ್ನು ಮನೆಗೆ ಕೊಂಡೊಯ್ದರು. ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಅಂದರೆ ‘ಸ್ಟುಡಿಯೊ’ ಎಂಬ ಪದ ಒಳ್ಳೆಯದನ್ನೂ ಹೇಳುವುದಿಲ್ಲ, ಕೆಟ್ಟದ್ದನ್ನೂ ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ ಆ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನೋಡಬೇಕಾದ್ದು ದನಿ ಎಷ್ಟು ಸಮತಟ್ಟಾಗಿದೆ ಎಂಬುದನ್ನು.

ಸಮತಟ್ಟಾದ ದನಿ ಕೇಳಲು ಬೇಸರ ಎನ್ನುವವರಿಗೆ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿಯ ಕೆಲಸವೇ ಉತ್ತರ. ಮೊದಲು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ ಅವರು ದಶಕಗಳ ಕಾಲ ಜನರಿಗೆ ಸ್ಪೀಕರ್‌ಗಳನ್ನು ಕೇಳಿಸಿ ಪರೀಕ್ಷಿಸಿದರು. ಯಾವ ಬ್ರ್ಯಾಂಡ್, ಎಷ್ಟು ಬೆಲೆ ಎಂಬುದು ಕೇಳುವವರಿಗೆ ಗೊತ್ತಾಗದಂತೆ ಮರೆಮಾಡಿದಾಗ, ಬಹುಪಾಲು ಜನ ಮೆಚ್ಚಿದ್ದು ಸಮತಟ್ಟಾದ, ನಯವಾದ ದನಿಯ ಸ್ಪೀಕರ್‌ಗಳನ್ನೇ.

ಹಾಗಿದ್ದ ಮೇಲೆ ನಮ್ಮ ಮನೆಯಲ್ಲಿ ಯಾಕೆ ಸಪ್ಪೆ? ವಾಪಸ್ ಕೊಟ್ಟುಬಿಡೋಣ ಎಂದುಕೊಂಡ ರಾತ್ರಿ ಪಿಯುಸಿ ಭೌತಶಾಸ್ತ್ರ ನೆನಪಾಯಿತು. ಎದುರುಬದುರು ಗೋಡೆಗಳ ನಡುವೆ ಶಬ್ದ ಸ್ಟ್ಯಾಂಡಿಂಗ್ ವೇವ್ ಆಗಿ ನಿಲ್ಲುತ್ತದೆ. ನನ್ನ ಕೋಣೆಯ ಉದ್ದ 10 ಅಡಿ, ಅಂದರೆ ಸುಮಾರು 3 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಲೆಕ್ಕ ಹಾಕಿದರೆ ಮೊದಲ ಅಲೆ 56 ಹರ್ಟ್ಸ್ ಹತ್ತಿರ ಬರುತ್ತದೆ, ಅಪ್ಪಟ ಬಾಸ್. ಆ ಅಲೆ ಗೋಡೆಗಳ ಬಳಿ ಜೋರು, ಸರಿಯಾಗಿ ನಡುವಿನಲ್ಲಿ ಬಹುತೇಕ ಸೊನ್ನೆ. ನನ್ನ ಕುರ್ಚಿ ಎಲ್ಲಿತ್ತು? ಸರಿಯಾಗಿ ನಡುವಿನಲ್ಲಿ!

ಮಾರನೇ ದಿನ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದೆ. ಮೂಲೆಗೆ ಒತ್ತಿಕೊಂಡಿದ್ದ ಒಂದು ಸ್ಪೀಕರ್‌ನಲ್ಲಿ ಬಾಸ್ ಗುಮ್ಮೆನ್ನುತ್ತಿತ್ತು, ಇನ್ನೊಂದರಲ್ಲಿ ಇರಲೇ ಇಲ್ಲ. ಎರಡನ್ನೂ ಗೋಡೆಯಿಂದ ಸಮದೂರಕ್ಕೆ ತಂದೆ. ಹಳೆಯ ಸೆಮಿಸ್ಟರ್‌ನ ಪುಸ್ತಕಗಳನ್ನು ಅಡಿಗಿಟ್ಟು ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಮಾಡಿದೆ. (ಆ ಪುಸ್ತಕಗಳು ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.) ಎರಡು ಸ್ಪೀಕರ್ ಮತ್ತು ನನ್ನ ತಲೆ ಸಮಬಾಹು ತ್ರಿಕೋನವಾಗುವಂತೆ ಜೋಡಿಸಿದೆ. ಪಕ್ಕದ ಕಬ್ಬಿಣದ ಬೀರುವಿಗೆ ದಪ್ಪ ಬೆಡ್‌ಶೀಟ್ ಹೊದಿಸಿದೆ. ಖರ್ಚು ಒಂದು ಪೈಸೆಯೂ ಇಲ್ಲ.

ಭಾನುವಾರ ಅಪ್ಪನನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಿದೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ ಹಳೆಯ ಯುಗಳಗೀತೆ ಹಾಕಿದೆ. ಹಳೆಯ ಮೋನೊ ರೆಕಾರ್ಡಿಂಗ್ ಆದ್ದರಿಂದ ಎರಡೂ ಕಡೆ ಒಂದೇ ದನಿ ಬರುತ್ತದೆ. ಸರಿಯಾಗಿ ಕೂತರೆ ಅದು ಎರಡರ ನಡುವೆ, ಏನೂ ಇಲ್ಲದ ಕಡೆಯಿಂದ ಕೇಳಿಸುತ್ತದೆ. ‘ಕ್ಯಾಲೆಂಡರ್ ಒಳಗೆ ಕೂತು ಹಾಡ್ತಿರೋ ಹಾಗಿದೆ’ ಎಂದರು. ಸ್ವಲ್ಪ ಹೊತ್ತಿಗೆ, ‘ತಡಿ, ಹಿಂದಕ್ಕೆ ಹಾಕು. ಅಲ್ಲೊಂದು ವೀಣೆ ಇದೆಯಲ್ಲಮ್ಮ? ಮೂವತ್ತು ವರ್ಷದಿಂದ ಈ ಹಾಡು ಕೇಳ್ತಿದ್ದೀನಿ, ವೀಣೆ ಇತ್ತು ಅಂತಲೇ ಗೊತ್ತಿಲ್ಲ.’ ಆ ಹಾಡು ಮೂರು ಸಲ ಆಯಿತು.

ಹಾಗಂತ ಎಲ್ಲರೂ ಇದನ್ನೇ ಕೊಳ್ಳಿ ಎನ್ನಲಾರೆ. ಕುರ್ಚಿ ಬಿಟ್ಟು ಆಚೆ ಸರಿದರೆ ಅರ್ಧ ಸೊಗಸು ಹೋಗುತ್ತದೆ. ಹತ್ತು ಜನ ಕೂತು ಟಿವಿ ನೋಡುವ ಹಾಲ್‌ಗೆ, ಬರ್ತ್‌ಡೇ ಪಾರ್ಟಿಗೆ ಇದು ಹೇಳಿಮಾಡಿಸಿದ್ದಲ್ಲ. ಒಂದೊಂದಕ್ಕೂ ಬೇರೆ ಬೇರೆ ಪ್ಲಗ್ ಬೇಕು. ವಾಲ್ಯೂಮ್ ತಿರುಪು ಹಿಂಬದಿಯಲ್ಲಿರುವುದೇ ಹೆಚ್ಚು. ರಾತ್ರಿ ಮೌನದಲ್ಲಿ ಟ್ವೀಟರ್‌ನಿಂದ ಸಣ್ಣಗೆ ಸುಯ್ ಎನ್ನುವ ಸದ್ದು ಬರಬಹುದು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಗುಂಯ್ ಎನ್ನಬಹುದು. ನನ್ನ ಮಾನಿಟರ್‌ನ ಗುಂಯ್ ನಿಂತದ್ದು ಸಣ್ಣ ಆಡಿಯೊ ಇಂಟರ್‌ಫೇಸ್, ಬ್ಯಾಲೆನ್ಸ್ಡ್ ಕೇಬಲ್ ಹಾಕಿದ ಮೇಲೆ. ಕೆಟ್ಟ ರೆಕಾರ್ಡಿಂಗನ್ನು ಇದು ಚಂದ ಮಾಡುವುದಿಲ್ಲ. ನಾನು ಕುಣಿಯುತ್ತಿದ್ದ ಕೆಲವು ಹೊಸ ಹಾಡುಗಳಲ್ಲಿ ಡ್ರಮ್, ದನಿ, ಕೀಬೋರ್ಡ್ ಎಲ್ಲವನ್ನೂ ಒಂದೇ ಜೋರಿಗೆ ಅದುಮಿಟ್ಟಿರುವುದು ಇದರಲ್ಲೇ ತಿಳಿದದ್ದು.

ಇನ್ನೊಂದು ಎಚ್ಚರಿಕೆ. ದನಿ ಒಡೆಯದೆ ಸ್ವಚ್ಛವಾಗಿರುವುದರಿಂದ ಎಷ್ಟು ಜೋರಾಗಿದೆ ಎಂಬುದೇ ಗೊತ್ತಾಗುವುದಿಲ್ಲ. ವಯಸ್ಕರಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸ್ಪೀಕರ್ ಹೋದರೆ ಇನ್ನೊಂದು ಕೊಳ್ಳಬಹುದು, ಕಿವಿಯನ್ನಲ್ಲ.

ಕೊಳ್ಳುವ ಮನಸ್ಸಿದ್ದರೆ, ನಿಮಗೆ ಬಾಯಿಪಾಠವಾಗಿರುವ ನಾಲ್ಕು ಹಾಡು ಫೋನ್‌ನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರು ಹಾಕುವ ಹಾಡು ಬೇಡ. ಎರಡು ನಿಮಿಷಕ್ಕೆ ಮರುಳಾಗಬೇಡಿ, ಅರ್ಧ ಗಂಟೆ ಕೇಳಿ. ಮನೆಗೆ ತಂದ ಮೇಲೆ ಒಂದು ವಾರ ಕುರ್ಚಿ, ಮೇಜು ಅತ್ತಿತ್ತ ಸರಿಸಿ ನೋಡಿ. ಆಮೇಲೂ ಸಪ್ಪೆ ಅನ್ನಿಸಿದರೆ ಧಾರಾಳವಾಗಿ ಬೈಯಿರಿ.

ನಮ್ಮ ಮನೆಯಲ್ಲಿ ಈಗ ಭಾನುವಾರದ ಕುರ್ಚಿ ಅಪ್ಪನದು. ಅಮ್ಮ ಮಾತ್ರ ಇನ್ನೂ ಒಪ್ಪಿಲ್ಲ. ‘ನಿಮ್ಮದು ಕೂತವರಿಗೆ ಮಾತ್ರ ಕೇಳ್ಸುತ್ತೆ. ನಾನು ನಿಂತು ಕೆಲಸ ಮಾಡೋಳು’ ಎಂದು ಅಡುಗೆಮನೆಯ ಹಳೆಯ ರೇಡಿಯೊ ಕಿವಿ ಹಿಂಡುತ್ತಾರೆ. ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಸದ್ಯಕ್ಕೆ ಭಾನುವಾರದ ದೋಸೆ ಹುಯ್ಯುವ ಕೆಲಸ ನಾನು ವಹಿಸಿಕೊಂಡಿದ್ದೇನೆ. ಅಮ್ಮ ಒಂದು ದಿನವಾದರೂ ಆ ಕುರ್ಚಿಯಲ್ಲಿ ಕೂರಲಿ.