ಕಪ್ಪೆಗಳ ಸಾವಿನ ಜಾಡು ಹಿಡಿದ ಮೂರು ದಶಕ

ಕೋಸ್ಟರಿಕಾ ಮತ್ತು ಪನಾಮಾ ದೇಶಗಳಲ್ಲಿ ಕಪ್ಪೆಗಳು ಕಣ್ಮರೆಯಾದ ಪ್ರದೇಶಗಳಲ್ಲಿ ಮಲೇರಿಯಾ ಹೆಚ್ಚಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಏರಿಕೆ ತುತ್ತತುದಿ ಮುಟ್ಟಿದ್ದಾಗ ಪ್ರತಿ 1,000 ಜನರಿಗೆ ವರ್ಷಕ್ಕೆ ಸುಮಾರು 1 ಹೆಚ್ಚುವರಿ ಪ್ರಕರಣ ಎಂಬುದು ಅದರ ಅಂದಾಜು. ಅಧ್ಯಯನದ ಲೇಖಕರಲ್ಲೊಬ್ಬರಾದ ಅಮೆರಿಕದ ಪರಿಸರ ವಿಜ್ಞಾನಿ ಕ್ಯಾರೆನ್ ಲಿಪ್ಸ್ ಅವರು ಈ ಕಪ್ಪೆಗಳ ಬೆನ್ನು ಹತ್ತಿ ಅಷ್ಟರಲ್ಲಿ ಮೂರು ದಶಕಗಳೇ ಕಳೆದಿದ್ದವು. ಕಪ್ಪೆ ಅಳಿದರೆ ಮನುಷ್ಯನಿಗೇನು ನಷ್ಟ ಎಂದು ಕೇಳುವ ಆಡಳಿತಗಾರರಿಗೆ ಕೊನೆಗೂ ಅಂಕಿಯ ಉತ್ತರವೊಂದು ಸಿಕ್ಕಿತು. ಅಂಥ ಉತ್ತರ ಬೇಕಾಯಿತೆಂಬುದೇ ವಿಷಾದದ ಸಂಗತಿ.

1990ರ ದಶಕದ ಆರಂಭದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಲಿಪ್ಸ್, ಕೋಸ್ಟರಿಕಾದ ಗಡಿಭಾಗದ ಲಾಸ್ ತಬ್ಲಾಸ್ ಬೆಟ್ಟಗಳಲ್ಲಿ ಮರಗಪ್ಪೆಯೊಂದರ ಜೀವನಕ್ರಮವನ್ನು ಅಭ್ಯಸಿಸುತ್ತಿದ್ದರು. ಕೆಲಕಾಲ ದೂರವಿದ್ದು ಮರಳಿದಾಗ ತೊರೆಗಳಲ್ಲಿ ಕಪ್ಪೆಗಳು ವಿರಳವಾಗಿದ್ದವು. ಕಾಡು ಕಡಿದಿರಲಿಲ್ಲ, ನೀರು ಕೆಟ್ಟಂತೆ ಕಾಣಲಿಲ್ಲ. ಸತ್ತ ಕಪ್ಪೆಗಳ ಸಾಕ್ಷ್ಯ ದೊರೆತದ್ದು 1996-97ರಲ್ಲಿ, ಪನಾಮಾದ ಫೋರ್ತುನಾದಲ್ಲಿ. ಇದೇ ಬಗೆಯ ಸಾವನ್ನು ಆಸ್ಟ್ರೇಲಿಯದ ಸಂಶೋಧಕರೂ ಕಂಡಿದ್ದರು. ಎರಡೂ ಕಡೆಯವರು ಕೂಡಿ 1998ರಲ್ಲಿ ಪ್ರಕಟಿಸಿದ ಲೇಖನವು ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರವನ್ನು ಕಾರಣವೆಂದು ಗುರುತಿಸಿತು. ಮರುವರ್ಷ ಅದಕ್ಕೆ ವೈಜ್ಞಾನಿಕ ಹೆಸರು ಬಂತು. ಕಪ್ಪೆಗೆ ಚರ್ಮವೆಂದರೆ ಬರಿಯ ಹೊದಿಕೆಯಲ್ಲ. ನೀರು, ಲವಣಗಳ ವಿನಿಮಯ ನಡೆಯುವುದು ಅದರ ಮೂಲಕವೇ. ಸೋಂಕು ಬಲಿತಂತೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂಗಳ ಪ್ರಮಾಣ ಕುಸಿದು ಹೃದಯ ನಿಲ್ಲುತ್ತದೆ.

ಲಿಪ್ಸ್ ಅವರ ವೃತ್ತಿಜೀವನದ ನಿರ್ಣಾಯಕ ಹೆಜ್ಜೆ ಇದರ ನಂತರದ್ದು. ರೋಗವು ಬೆಟ್ಟಸಾಲಿನುದ್ದಕ್ಕೂ ಪೂರ್ವಕ್ಕೆ ಸರಿಯುತ್ತಿದೆ ಎಂದು ಊಹಿಸಿದ ಅವರು, ಅದಿನ್ನೂ ತಲುಪದ ಪನಾಮಾದ ಎಲ್ ಕೋಪೆಗೆ ಮುಂಚಿತವಾಗಿಯೇ ಹೋಗಿ ಕಪ್ಪೆಗಳನ್ನು ಎಣಿಸತೊಡಗಿದರು. ಊಹೆ ನಿಜವಾಯಿತು. 2004ರ ಸೆಪ್ಟೆಂಬರಿನಲ್ಲಿ ಶಿಲೀಂಧ್ರ ಅಲ್ಲಿಗೆ ಬಂದಿತು. ಕೆಲವೇ ತಿಂಗಳಲ್ಲಿ ಎಂಟು ಕುಟುಂಬಗಳ ಕಪ್ಪೆಗಳು ಮತ್ತು ಸಲಮಾಂಡರುಗಳು ಸತ್ತುಬಿದ್ದವು. ಮೊದಲೇ ಸಂಗ್ರಹಿಸಿಟ್ಟಿದ್ದ ಮಾದರಿಗಳ ಡಿಎನ್ಎ ಪರೀಕ್ಷೆಯಿಂದ 2010ರಲ್ಲಿ ನಷ್ಟದ ಲೆಕ್ಕ ಹೊರಬಿತ್ತು: ಆ ಒಂದು ಜಾಗದಿಂದಲೇ 30 ಪ್ರಭೇದಗಳು ಇಲ್ಲವಾಗಿದ್ದವು. ಅವುಗಳಲ್ಲಿ 5ಕ್ಕೆ ವಿಜ್ಞಾನ ಇನ್ನೂ ಹೆಸರನ್ನೇ ಇಟ್ಟಿರಲಿಲ್ಲ. ರೋಗ ಬರುವ ಮೊದಲು ಅಲ್ಲಿ ಏನೇನಿತ್ತೆಂಬುದನ್ನು ಯಾರೂ ಬರೆದಿಡದಿದ್ದರೆ ಈ ನಷ್ಟ ನಷ್ಟವೆಂದೇ ದಾಖಲಾಗುತ್ತಿರಲಿಲ್ಲ. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಕಪ್ಪೆಗಳ ಬೆನ್ನಿಗೇ ಎಲ್ ಕೋಪೆಯ ಹಾವುಗಳ ವೈವಿಧ್ಯವೂ ಕುಸಿದುದನ್ನು ತೋರಿಸಿತು. ಅದಕ್ಕೂ ಆಧಾರ ಆ ವರ್ಷಗಳ ಟಿಪ್ಪಣಿಗಳೇ.

ವಿವಾದವೂ ಇರದೆ ಇರಲಿಲ್ಲ. ತಾಪಮಾನ ಏರಿಕೆಯೇ ಶಿಲೀಂಧ್ರಕ್ಕೆ ಅನುಕೂಲ ಒದಗಿಸಿ ಕಪ್ಪೆಗಳನ್ನು ಕೊಂದಿತೆಂಬ ವಾದವನ್ನು 2006ರಲ್ಲಿ ಮತ್ತೊಂದು ತಂಡ ಮಂಡಿಸಿತ್ತು. ಹೊಸ ಸೋಂಕೊಂದು ಅಲೆಯಂತೆ ಹಬ್ಬಿದ ಗುರುತುಗಳಿವೆ ಎಂದು ಲಿಪ್ಸ್ ಮತ್ತು ಸಂಗಡಿಗರು 2008ರಲ್ಲಿ ಉತ್ತರಿಸಿದರು. ಇದು ಕೇವಲ ಪಂಡಿತರ ಜಗಳವಾಗಿರಲಿಲ್ಲ. ಹವಾಮಾನ ಕಾರಣವಾದರೆ ಯಾರೂ ತಕ್ಷಣ ಮಾಡಬಹುದಾದದ್ದು ಕಡಿಮೆ. ಹೊರಗಿನಿಂದ ಬಂದ ಸೋಂಕಾದರೆ ಬಂದರು, ವಿಮಾನ ನಿಲ್ದಾಣಗಳಲ್ಲಿ ತಡೆಯುವ ಹೊಣೆ ಸರ್ಕಾರಗಳದು. ಶಿಲೀಂಧ್ರದ ಮೂಲ ಪೂರ್ವ ಏಷ್ಯಾ ಎಂದು 2018ರ ವಂಶವಾಹಿ ಅಧ್ಯಯನ ಸೂಚಿಸಿದ ಮೇಲೆ, ಜೀವಂತ ಪ್ರಾಣಿಗಳ ವ್ಯಾಪಾರದ ಮೇಲಿನ ಅನುಮಾನ ಗಟ್ಟಿಯಾಯಿತು.

ಆ ಹೊಣೆಯನ್ನು ನೆನಪಿಸುವ ಕೆಲಸಕ್ಕೂ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾಗಿ ಲಿಪ್ಸ್ ಇಳಿದರು. ಯುರೋಪಿನ ಸಲಮಾಂಡರುಗಳನ್ನು ಕೊಲ್ಲುತ್ತಿದ್ದ ಸೋದರ ಶಿಲೀಂಧ್ರವೊಂದು 2013ರಲ್ಲಿ ಬೆಳಕಿಗೆ ಬಂದಾಗ, ಅಮೆರಿಕಕ್ಕೆ ಸಲಮಾಂಡರುಗಳ ಆಮದನ್ನು ತಡೆಯಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. 2016ರ ಜನವರಿಯಲ್ಲಿ ಅಮೆರಿಕ 201 ಪ್ರಭೇದಗಳ ಆಮದಿಗೆ ನಿರ್ಬಂಧ ಹೇರಿತು. ರೋಗವು ತನ್ನ ಕಾಡುಗಳಲ್ಲಿ ಕಾಣಿಸಿಕೊಳ್ಳುವ ಮೊದಲೇ ಸರ್ಕಾರವೊಂದು ಬಾಗಿಲು ಹಾಕಿದ್ದು ಅಪರೂಪ. ಆದರೆ ಅಷ್ಟರಲ್ಲಿ ಮೊದಲ ಶಿಲೀಂಧ್ರ ಜಗತ್ತನ್ನೇ ಸುತ್ತಿತ್ತು. ಅದರಿಂದ 501 ಪ್ರಭೇದಗಳು ಕ್ಷೀಣಿಸಿವೆ, 90 ಅಳಿದಿರಬಹುದು ಎಂಬುದು 2019ರ ಅಂದಾಜು.

ಪಶ್ಚಿಮ ಘಟ್ಟಕ್ಕೂ ಈ ಶಿಲೀಂಧ್ರ ಹೊಸದಲ್ಲ. ಕೇರಳದ ಕಪ್ಪೆಯಲ್ಲಿ ಅದು ಪತ್ತೆಯಾದ ವರದಿ 2011ರಲ್ಲಿ ಬಂದಿತ್ತು. ಘಟ್ಟದ ಉತ್ತರ ಭಾಗದಲ್ಲಿ ಏಷ್ಯಾದ್ದೇ ಆದ ತಳಿಯಿರುವುದನ್ನು 2013ರ ಅಧ್ಯಯನ ಗುರುತಿಸಿತು. ಪನಾಮಾದಂಥ ಸಾಮೂಹಿಕ ಸಾವು ಇಲ್ಲಿ ವರದಿಯಾಗಿಲ್ಲ. ಆದರೆ ಬೇರೆ ಕಡೆ ಬಲಿತ ತಳಿ ಬಂದರೆ ಇಲ್ಲಿನ ಕಪ್ಪೆಗಳು ತಾಳಿಕೊಳ್ಳುತ್ತವೆ ಎನ್ನುವುದಕ್ಕೆ ಆಧಾರವಿಲ್ಲ. ಉತ್ತರ ಕನ್ನಡದ ಕುಂಬಾರ ಕಪ್ಪೆಗೆ ಹೆಸರು ಸಿಕ್ಕಿದ್ದೇ 2014ರಲ್ಲಿ. ವಿದೇಶಿ ಸಾಕುಪ್ರಾಣಿಗಳ ವಿಷಯದಲ್ಲಿ ಭಾರತ 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಆ ಪಟ್ಟಿಯಾದರೋ ವ್ಯಾಪಾರದಿಂದ ಅಳಿಯಬಹುದಾದ ಜೀವಿಗಳನ್ನು ಕಾಯಲೆಂದು ಸಿದ್ಧವಾದುದು, ರೋಗ ಹೊತ್ತು ತರಬಲ್ಲವುಗಳನ್ನು ತಡೆಯಲೆಂದಲ್ಲ.