ಸೋರಿದ ನೀರು ಯಾರದು?



ಮಂಜುಗಡ್ಡೆ ಹತ್ತುವ ಆಟದ ಬಗ್ಗೆ ಬರೀತೀವಿ ಅಂದಾಗ ನಮ್ಮವರೇ ನಕ್ಕರು. "ಕುಡಿಯೋ ನೀರಿಗೆ ಗತಿಯಿಲ್ಲದ ಕೇರಿಯವರು ನಾವು. ಹೊಟ್ಟೆ ತುಂಬಿದವರ ಆಟ ಕಟ್ಕೊಂಡು ಏನ್ಮಾಡೋಣ?" ಅಂದರು. ಕೇಳಿದ್ದು ಸರಿಯಾಗೇ ಇದೆ. ಆದರೆ ಮಂಜುಗಡ್ಡೆ ಅಂದ್ರೆ ನೀರೇ ತಾನೆ? ನೀರು ಅಂದ ಮೇಲೆ ಅದು ಯಾರದು, ಯಾರು ಹತ್ತಿರ ಬರಬಹುದು, ಯಾರು ಬರಬಾರದು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಈ ಪ್ರಶ್ನೆಯನ್ನ ನಮ್ಮಷ್ಟು ಕಾಲದಿಂದ ಕೇಳ್ತಾ ಬಂದಿರೋರು ಈ ದೇಶದಲ್ಲಿ ಬೇರೆ ಯಾರೂ ಇಲ್ಲ. ಅದಕ್ಕೇ ಬರೀತಿದ್ದೀವಿ.

ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಗಳ ನಡುವೆ, ಸುಮಾರು 7,800 ಅಡಿ ಎತ್ತರದಲ್ಲಿ ಯೂರೇ ಅನ್ನೋ ಪುಟ್ಟ ಊರಿದೆ. ಜನಸಂಖ್ಯೆ ಒಂದು ಸಾವಿರದ ಆಸುಪಾಸು. ಬೆಳ್ಳಿ, ಬಂಗಾರದ ಗಣಿಗಾಗಿ ಹುಟ್ಟಿದ ಊರು ಅದು. ಗಣಿಗಳು ಕೈಕೊಟ್ಟ ಮೇಲೆ ಬೇಸಿಗೆಯ ಪ್ರವಾಸಿಗಳನ್ನ ನಂಬಿ ಬದುಕಿತು. ಚಳಿಗಾಲ ಬಂತು ಅಂದ್ರೆ ವ್ಯಾಪಾರ ಸತ್ತು ಹೋಗ್ತಿತ್ತು.

ಊರ ಮಗ್ಗುಲಲ್ಲೇ ಅನ್‌ಕಂಪಾಗ್ರೆ ನದಿ ಕೊರೆದ ಆಳವಾದ ಕಮರಿ. ಆ ಕಮರಿಯ ಅಂಚಿನಲ್ಲಿ, ಕರೆಂಟು ಮಾಡುವ ಘಟಕಕ್ಕೆ ನೀರು ಒಯ್ಯುವ ಹಳೇ ಪೈಪು. ಅದು ಸೋರುತ್ತಿತ್ತು. ಸೋರಿದ ನೀರು ಚಳಿಗೆ ಹೆಪ್ಪುಗಟ್ಟಿ ಬಂಡೆಯಿಂದ ಕೆಳಗೆ ಕಂಬಕಂಬವಾಗಿ ಇಳೀತಿತ್ತು. ಹತ್ತುವ ಹುಚ್ಚಿನವರು ಅದನ್ನ ಹತ್ತುತ್ತಿದ್ದರು. 1990ರ ದಶಕದ ಮೊದಲಲ್ಲಿ ಊರಿನ ಒಂದಿಬ್ಬರಿಗೆ ಹೊಳೀತು: ತಾನಾಗಿ ಸೋರಿದ್ದೇ ಇಷ್ಟು ಚೆಂದ ಹೆಪ್ಪುಗಟ್ಟೋದಾದರೆ ನಾವೇ ಸೋರಿಸಿದರೆ ಹೇಗೆ?

ಸೋರಿಸಿದರು. ಕಮರಿಯ ಅಂಚಿನುದ್ದಕ್ಕೂ ಪೈಪು ಎಳೆದರು. ಸ್ನಾನದ ಮನೆಯ ಷವರಿನಂಥ ಬಾಯಿಗಳನ್ನ ಕೂರಿಸಿದರು. ರಾತ್ರಿ ಚಳಿ ಬಿಗಿಯಾದಾಗ ನೀರು ಬಿಟ್ಟರೆ ಬೆಳಗಾಗುವುದರೊಳಗೆ ಮಂಜುಗಡ್ಡೆಯ ಹೊಸ ಪದರ. ಈ ಕೆಲಸ ಮಾಡುವ ಕೂಲಿಗಳಿಗೆ ಅಲ್ಲಿ 'ಐಸ್ ಫಾರ್ಮರ್' ಅಂತಾರೆ, ಅಂದ್ರೆ ಮಂಜುಗಡ್ಡೆ ಬೆಳೆಯೋ ರೈತ. ನಾವು ರಾತ್ರಿ ಪಾಳಿಯಲ್ಲಿ ಗದ್ದೆಗೆ ನೀರು ಕಟ್ಟಿದ ಹಾಗೇ ಅವರು ಕೊರೆಯುವ ಚಳಿಯಲ್ಲಿ ಬಂಡೆಗೆ ನೀರು ಕಟ್ಟುತ್ತಾರೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಇದೇ ಕೆಲಸ. ಬೇಸಿಗೆಯಲ್ಲಿ ಕರಗಿದ್ದು ಮತ್ತೆ ಅದೇ ನದಿಗೆ.

ಈಗ ಅಲ್ಲಿ ಹತ್ತೋದಕ್ಕೆ ನೂರಕ್ಕೂ ಹೆಚ್ಚು ದಾರಿಗಳಿವೆ. ಘಟಕದ ಒಡೆಯರು ಜಾಗವನ್ನ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಬಿಟ್ಟುಕೊಟ್ಟರು. ಲಾಭಕ್ಕಲ್ಲದ ಸಂಘವೊಂದು ನಡೆಸುತ್ತೆ. 1996ರಿಂದ ಹಬ್ಬ ಮಾಡ್ತಾರೆ. ಚಂದಾ, ದೇಣಿಗೆ, ಹಬ್ಬದ ಹಣದಿಂದ ಖರ್ಚು ತೂಗಿಸುತ್ತಾರೆ. ಒಳಗೆ ಹೋಗೋದಕ್ಕೆ ಟಿಕೆಟ್ ಇಲ್ಲ. ಕೈಕಾಲು ಕಳೆದುಕೊಂಡವರೂ ಅಲ್ಲಿ ಹಗ್ಗ ಹಿಡಿದು ಹತ್ತಿದ್ದಾರೆ. ಚಳಿಗಾಲದಲ್ಲಿ ಸತ್ತಂತಿದ್ದ ಊರಿಗೆ ಜೀವ ಬಂತು.

ಇದನ್ನ ನಾವು ಬಾಯ್ತುಂಬ ಹೊಗಳ್ತೀವಿ. ವ್ಯರ್ಥವಾಗಿ ಹೋಗ್ತಿದ್ದ ನೀರನ್ನ ಎಲ್ಲರದೂ ಅಂತ ಮಾಡಿದರಲ್ಲ, ಅದು ಸಣ್ಣ ಕೆಲಸ ಅಲ್ಲ. ಇದೇ ಜಾಗ ಬೇರೆಯವರ ಕೈಗೆ ಸಿಕ್ಕಿದ್ದರೆ ಸುತ್ತ ತಂತಿಬೇಲಿ ಬಿಗಿದು ಗೇಟಿಗೊಬ್ಬ ಕಾವಲುಗಾರನನ್ನ ನಿಲ್ಲಿಸ್ತಿದ್ದರು.

ಆದರೆ 'ಎಲ್ಲರದು' ಅನ್ನೋ ಮಾತು ಕೇಳಿದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತೆ. ಎಲ್ಲರು ಅಂದ್ರೆ ಯಾರ್ಯಾರು?

ಯೂರೇ ಅನ್ನೋದು ಊರಿನ ಹೆಸರಾಗುವ ಮುಂಚೆ ಒಬ್ಬ ಮನುಷ್ಯನ ಹೆಸರಾಗಿತ್ತು. ಆತ ಯೂಟ್ ಜನಾಂಗದ ನಾಯಕ. ಆ ಬೆಟ್ಟ, ಆ ಬಿಸಿನೀರಿನ ಬುಗ್ಗೆ ಯೂಟರವು. ಅನ್‌ಕಂಪಾಗ್ರೆ ಅನ್ನೋದೂ ಅವರದೇ ಭಾಷೆಯ ಮಾತು. 1868ರ ಒಪ್ಪಂದದಲ್ಲಿ ಈ ನೆಲ ನಿಮ್ಮದು ಅಂತ ಸರ್ಕಾರ ಬರೆದುಕೊಟ್ಟಿತ್ತು. ಬೆಟ್ಟದಲ್ಲಿ ಅದಿರಿದೆ ಅಂತ ಗೊತ್ತಾಯ್ತು ನೋಡಿ, ಬರೆದುಕೊಟ್ಟ ಕೈಯೇ 1873ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಬೆಟ್ಟಗಳನ್ನ ಕಿತ್ತುಕೊಂಡಿತು. ನಾಯಕ ಯೂರೇ 1880ರಲ್ಲಿ ತೀರಿಕೊಂಡ. ಮಾರನೇ ವರ್ಷ, 1881ರಲ್ಲಿ, ಸೈನಿಕರು ಕಣಿವೆಯ ಯೂಟರನ್ನ ಪಕ್ಕದ ಯೂಟಾಕ್ಕೆ ಅಟ್ಟಿದರು. ಅವನ ಹೆಂಡತಿ ಚಿಪೀಟ ಮನೆ, ಹೊಲ ಬಿಟ್ಟು ನಡೆದಳು. 1924ರಲ್ಲಿ ಯೂಟಾದಲ್ಲೇ ಸತ್ತಳು.

ಹೆಸರು ಇಟ್ಟುಕೊಂಡರು, ಜನರನ್ನ ಕಳಿಸಿಬಿಟ್ಟರು. ಇವತ್ತು ಯಾರು ಬೇಕಾದರೂ ಟಿಕೆಟ್ಟಿಲ್ಲದೆ ಇಳಿಯಬಹುದಾದ ಆ ಕಮರಿಯಲ್ಲಿ ಒಂದು ಕಾಲಕ್ಕೆ ಅದರ ಮಕ್ಕಳೇ ಇರಬಾರದಾಗಿತ್ತು.

ಅವರ ನೋವೂ ನಮ್ಮ ನೋವೂ ಒಂದೇ ಅಂತ ನಾವು ಹೇಳಲ್ಲ. ಅವರನ್ನ ಊರು ಬಿಟ್ಟು ಓಡಿಸಿದರು. ನಮ್ಮನ್ನ ಊರಾಚೆ ಇಟ್ಟುಕೊಂಡು ದುಡಿಸಿದರು. ಅವರ ಬಳಿ ಇದ್ದ ನೆಲ ಬೇಕಾಗಿತ್ತು, ನಮ್ಮ ರಟ್ಟೆ ಬೇಕಾಗಿತ್ತು. ಆದರೆ 'ಸಾರ್ವಜನಿಕ' ಅನ್ನೋ ಮಾತಿನೊಳಗೆ ಅವರಿಗೂ ನಮಗೂ ಜಾಗ ಇರಲಿಲ್ಲ, ಅದು ಮಾತ್ರ ಒಂದೇ.

ಬಾಬಾಸಾಹೇಬರ ಮಹಾಡ್ ನೆನಪು ಮಾಡಿಕೊಳ್ಳಿ. ಸಾರ್ವಜನಿಕ ನೀರು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡ್ ಪುರಸಭೆಯೂ ಚವದಾರ್ ಕೆರೆ ತೆರೆದಿದೆ ಅಂತ ಒಪ್ಪಿತ್ತು. ಅಲ್ಲೂ ಟಿಕೆಟ್ ಇರಲಿಲ್ಲ, ಗೇಟೂ ಇರಲಿಲ್ಲ. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಬೊಗಸೆ ನೀರು ಕುಡಿಯಬೇಕಾಯ್ತು. ಕುಡಿದದ್ದಕ್ಕೆ ನಮ್ಮವರು ಏಟು ತಿಂದರು. ಕೆರೆಯನ್ನ ಸವರ್ಣೀಯರು ಸಗಣಿ, ಗಂಜಳ ಸುರಿದು 'ಶುದ್ಧಿ' ಮಾಡಿಕೊಂಡರು. ಹೈಕೋರ್ಟಿನ ಕೊನೇ ತೀರ್ಪು ಬರೋದಕ್ಕೆ 1937 ಆಗಬೇಕಾಯ್ತು. ಗೇಟಿಲ್ಲ ಅಂದ ಮಾತ್ರಕ್ಕೆ ದಾರಿ ಇದೆ ಅಂತ ಅಲ್ಲ. ಇದನ್ನ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಈ ಮಾತು ಈಗ ಯಾಕೆ ಅಂದ್ರೆ, ಹಿಮ ಹತ್ತುವ ಆಟ ನಮ್ಮ ಹಿಮಾಲಯಕ್ಕೂ ಬಂದಾಯ್ತು. ಲಡಾಖ್, ಸ್ಪಿತಿಗಳಲ್ಲಿ ಹತ್ತುವವರು ಹೆಚ್ಚುತ್ತಿದ್ದಾರೆ. ಬೆಟ್ಟದ ಊರುಗಳಿಗೂ ಚಳಿಗಾಲದ ಸಂಪಾದನೆ ಬೇಕು. ನಾಳೆ ಯೂರೇ ಥರದ ಪಾರ್ಕು ಅಲ್ಲೂ ಆಗಬಹುದು. ಆಗಲಿ, ನಾವು ಅಡ್ಡ ನಿಲ್ಲೋರಲ್ಲ. ಆದರೆ ಲಡಾಖಿನವರಿಗೆ ಮಂಜುಗಡ್ಡೆ ಕಟ್ಟೋದನ್ನ ಅಮೆರಿಕದವರು ಕಲಿಸಬೇಕಾಗಿಲ್ಲ. ಚೆವಾಂಗ್ ನೋರ್ಫೆಲ್ ಅನ್ನೋ ಎಂಜಿನಿಯರ್ 1987ರಿಂದ ಅಲ್ಲಿ ಕೃತಕ ಹಿಮನದಿ ಕಟ್ಟಿದರು. ಸೋನಂ ವಾಂಗ್‌ಚುಕ್ 2013-14ರ ಚಳಿಗಾಲದಿಂದ ಹಿಮದ ಸ್ತೂಪ ಕಟ್ಟಿಸಿದರು. ಉಪಾಯ ಯೂರೇಯದ್ದೇ: ಮೇಲಿಂದ ಪೈಪು, ತಾನಾಗಿ ಚಿಮ್ಮುವ ನೀರು, ರಾತ್ರಿಯ ಚಳಿ. ಉದ್ದೇಶ ಮಾತ್ರ ಬೇರೆ. ನಿಜವಾದ ಹಿಮನದಿ ಕರಗೋದಕ್ಕೆ ಮುಂಚೆ, ಏಪ್ರಿಲ್, ಮೇ ಬಿತ್ತನೆಗೆ ನೀರು ಸಿಗಲಿ ಅಂತ.

ಆ ನೀರು ಯಾರ ಹೊಲಕ್ಕೆ? ಇಲ್ಲೇ ಕೇಳಬೇಕು. ಲಡಾಖಿನಲ್ಲಿ ಮೋನ್, ಬೇಡ, ಗರ್ರಾ ಅಂತ ಜನ ಇದ್ದಾರೆ. ವಾದ್ಯ ನುಡಿಸೋರು, ಕಬ್ಬಿಣ ಬಡಿಯೋರು. ಊರಿನ ಹಬ್ಬ ಅವರ ಡೋಲು, ಓಲಗ ಇಲ್ಲದೆ ಶುರುವಾಗಲ್ಲ. ಆದರೆ ಪಂಕ್ತಿಯಲ್ಲಿ ಕೂರುವಾಗ ಅವರಿಗೆ ಸಾಲಿನ ಕೊನೆ. ಬೇಡರಿಗೆ ಹಿಂದಿನಿಂದಲೂ ಹೊಲವೇ ಇಲ್ಲ. 1989ರಲ್ಲಿ ಇವರೆಲ್ಲ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಟ್ಟಿಗೆ ಸೇರಿದ್ದಕ್ಕೆ ಸಾಲಿನ ಮುಂದಕ್ಕೆ ಬಂದುಬಿಟ್ಟರಾ? ಹೊಲ ಇಲ್ಲದವನಿಗೆ ನೀರಿನ ಪಾಳಿ ಎಲ್ಲಿಂದ ಬರಬೇಕು?

ಆದ್ದರಿಂದ ಬೆಟ್ಟದ ಊರುಗಳಲ್ಲಿ ಹಿಮದ ಪಾರ್ಕು ಕಟ್ಟುವವರಿಗೆ ನಾವು ಹೇಳೋದು ಇಷ್ಟು.

ಒಂದು, ಯೂರೇಯಿಂದ ಕಲಿಯೋದನ್ನ ಕಲೀರಿ. ಗೇಟು ಬೇಡ, ಟಿಕೆಟ್ ಬೇಡ, ಜಾಗ ಯಾರದೇ ಸ್ವಂತ ಆಗಬಾರದು. ಜೊತೆಗೆ ಬೂಟು, ಕೊಡಲಿ, ಹಗ್ಗವನ್ನೂ ಊರಿನ ಮಕ್ಕಳಿಗೆ ಪುಕ್ಕಟೆ ಕೊಡಿ. ಬರಿಗೈಯವನಿಗೆ ತೆರೆದ ಕಮರಿ ತೋರಿಸಿ 'ಹತ್ತು' ಅಂದ್ರೆ ಅದು ಅಣಕ.

ಎರಡು, ನೀರು ಮೊದಲು ಕುಡಿಯೋದಕ್ಕೆ, ಆಮೇಲೆ ಬಿತ್ತನೆಗೆ, ಆಮೇಲೆ ಆಟಕ್ಕೆ. ಪಾಳಿ ಹಂಚೋ ಸಭೆಯಲ್ಲಿ ಹೊಲ ಇಲ್ಲದವರೂ ಕೂತಿರಬೇಕು, ಸಾಲಿನ ಕೊನೆಯಲ್ಲಲ್ಲ.

ಮೂರು, ಹಬ್ಬದ ದಿನ ಡೋಲು ಬಾರಿಸೋದಕ್ಕೆ ಮಾತ್ರ ಮೋನ್ ಜನರನ್ನ ಕರೀಬೇಡಿ. ಪೈಪು ಹಾಕೋ ಕೂಲಿ, ಹತ್ತಿಸೋ ಗುರುವಿನ ಸಂಬಳ, ಲೆಕ್ಕಪತ್ರದ ಕುರ್ಚಿ, ಎಲ್ಲದರಲ್ಲೂ ಅವರ ಮಕ್ಕಳಿಗೆ ಪಾಲು ಕೊಡಿ.

ನಕ್ಕ ಗೆಳೆಯರಿಗೂ ಒಂದು ಮಾತು. ಆಟ ನಮಗಲ್ಲ ಅಂತ ಯಾಕೆ ಬಿಟ್ಟುಕೊಡೋಣ? ದೇವಸ್ಥಾನ, ಹೋಟೆಲು, ಬಾವಿ, ಇವೆಲ್ಲವೂ ನಮಗಲ್ಲ ಅಂತಲೇ ಹೇಳಿದ್ದರು. ಕೊರೆಯೋ ಚಳಿಯಲ್ಲಿ ನೀರು ಕಟ್ಟುವ ಕೂಲಿಯ ಮಗಳು, ತನ್ನಪ್ಪ ಬೆಳೆದ ಮಂಜುಗಡ್ಡೆಯನ್ನ ತಾನೇ ಕೊಡಲಿ ಊರಿ ಹತ್ತಿ, ಮೇಲೆ ನಿಂತು ಕೂಗು ಹಾಕಬೇಕು. ಅದನ್ನ ನೋಡೋ ಆಸೆ ನಮಗಿದೆ. ಅವಳಿಗೆ ಹಗ್ಗ ಹಿಡಿಯೋರು ಯಾರು ಅನ್ನೋದನ್ನ ಪಾರ್ಕು ಕಟ್ಟೋ ಮುಂಚೆಯೇ ಕೇಳಬೇಕು. ಕಟ್ಟಾದ ಮೇಲೆ ಕೇಳಿದರೆ ಏನಾಗುತ್ತೆ ಅಂತ ಚಿಪೀಟಳ ಕಥೆ ಹೇಳುತ್ತೆ.

ಜೈ ಭೀಮ್.